ಆಷಾಢದಲ್ಲಿ ಯಾರೂ ಸಾಯದ ಬೇನೆ

ಒಂದು ಗುಡ್ಡವಿತ್ತಂತೆ. ಯಾವ ಕಾಲದಲ್ಲಿ ಎಂದು ಕೇಳಿದರೆ ಹಿಂದಕ್ಕೆ ಬೆರಳು ತೋರಿಸಬೇಡಿ, ಮುಂದಕ್ಕೆ ತೋರಿಸಿ. ಇನ್ನೂ ಬಾರದ ಒಂದು ಕಾಲದಲ್ಲಿ, ಗದಗದ ಆಚೆ, ನೆತ್ತಿಯ ಮೇಲೆ ಗಾಳಿಯಂತ್ರಗಳನ್ನು ಹೊತ್ತ ಒಂದು ಗುಡ್ಡ. ಅದರ ಹೊಟ್ಟೆಯೊಳಗೆ ಒಂದು ಕಣಜ. ಜೋಳದ್ದಲ್ಲ, ಗೋದಿಯದ್ದಲ್ಲ. ನಾಡಿನ ಎಲ್ಲ ಜನರ ಮೈಯ ಸುದ್ದಿ ತುಂಬಿಟ್ಟ ಕಣಜ. ಯಾರಿಗೆ ಯಾವಾಗ ಜ್ವರ ಬಂತು, ಯಾರ ಹಾಲುಹಲ್ಲು ಎಂದು ಬಿತ್ತು, ಯಾರ ಎದೆ ಯಾವ ಲಯದಲ್ಲಿ ಬಡಿಯುತ್ತದೆ, ಎಲ್ಲವೂ ಅಲ್ಲಿತ್ತು. ಹಿಂದಿನವರು ನೆಲದಲ್ಲಿ ಆಳವಾದ ಗುಂಡಿ ತೋಡಿ, ಕಾಳು ತುಂಬಿ, ಬಾಯಿಗೆ ಮಣ್ಣು ಮೆತ್ತಿ ಕಾಪಾಡುತ್ತಿದ್ದರಲ್ಲ, ಅದರ ನೆನಪಿಗೆ ಜನ ಈ ಕಣಜವನ್ನೂ ಹಗೇವು ಎಂದೇ ಕರೆದರು.

ಪ್ರತಿ ಮನೆಯ ಅಡಿಗೆಮನೆಯಲ್ಲಿ, ಮಿಕ್ಸರಿನ ಪಕ್ಕದಲ್ಲಿ, ಹಗೇವಿಗೆ ಸೇರಿದ ಒಂದು ಪೆಟ್ಟಿಗೆ ಇರುತ್ತಿತ್ತು. ಹೆಸರು ಹೇಳಿ ಅಂಗೈ ಇಟ್ಟರೆ ಸಾಕು, ಅದು ನಾಡಿ ನೋಡಿ, ರಕ್ತದ ಹದ ನೋಡಿ, ಗುಡ್ಡದ ಹೊಟ್ಟೆಯಲ್ಲಿದ್ದ ಆ ಮನುಷ್ಯನ ಹಳೆಯ ಕಥೆಯನ್ನೆಲ್ಲ ಕೇಳಿ ತಿಳಿದು, ಅವನಿಗೆಂದೇ ಪುಡಿ ಬೆರೆಸಿ ಪೊಟ್ಟಣ ಕಟ್ಟಿ ಕೊಡುತ್ತಿತ್ತು. ಜನ ಅದನ್ನು ಡಾಕ್ಟರಪ್ಪ ಎನ್ನುತ್ತಿದ್ದರು.

ಆದರೆ ಬಂದವರು ಯಾರೆಂದು ಹಗೇವು ತಿಳಿಯುವುದು ಹೇಗೆ? ಬಹಳ ಹಿಂದೆ ಜನರ ಬೆರಳಚ್ಚುಗಳೆಲ್ಲ ಕಳುವಾಗಿ, ಯಾರದೋ ಬೆರಳಿನಿಂದ ಯಾರದೋ ಹೊಲ ಮಾರಾಟವಾಗಿ, ನಾಡೆಲ್ಲ ಹೊತ್ತಿಕೊಂಡಿತ್ತು. ಅಂದಿನಿಂದ ಮೈಯ ಯಾವ ಗುರುತನ್ನೂ ಬೀಗದ ಕೈ ಮಾಡಕೂಡದು ಎಂದು ಕಾಯಿದೆ ಬಂತು. ಹಾಗಾಗಿ ಹಗೇವು ಕಟ್ಟಿದವರು ಎರಡನ್ನೇ ಹಿಡಿದರು: ಹೆಸರು ಮತ್ತು ಮನೆ. ಒಬ್ಬರಿಗೆ ಒಂದು ಕೋಣೆ, ಒಂದು ಕೋಣೆಗೆ ಒಂದೇ ಹೆಸರು. ಮನೆ ಬದಲಾದರೆ ಹೆಸರು ಹಿಡಿದು ಹುಡುಕುವುದು, ಹೆಸರು ಬದಲಾದರೆ ಮನೆ ಹಿಡಿದು ಹುಡುಕುವುದು. ಒಂದು ವರ್ಷ ಸುದ್ದಿಯೇ ಬಾರದಿದ್ದರೆ ಆ ಮನುಷ್ಯ ಸತ್ತನೆಂದು ಬರೆದು ಬಾಗಿಲು ಹಾಕುವುದು. ಇದಕ್ಕಿಂತ ಗಟ್ಟಿಯಾದ ಕಟ್ಟಡ ಉಂಟೇ ಎಂದು ಎಲ್ಲರೂ ತಲೆದೂಗಿದರು.

ಶಾಲ್ಮಲಾ ಆ ಹಗೇವಿನ ವಿನ್ಯಾಸಕಿ. ಯಾವ ಸುದ್ದಿ ಯಾವ ಕೋಣೆಯಲ್ಲಿರಬೇಕು, ಗೋಡೆ ಎಲ್ಲಿ ಏಳಬೇಕು, ಬಾಗಿಲು ಯಾವ ಕಡೆ ತೆರೆಯಬೇಕು ಎಂದು ಗೆರೆ ಎಳೆಯುವುದು ಅವಳ ಕೆಲಸ. ಪರದೆಯ ಮೇಲೆ ಅಂಕಿಗಳು ಓಡುವಾಗ ಅವಳ ಕಣ್ಣಿಗೆ ಅಂಕಿ ಕಾಣುತ್ತಿರಲಿಲ್ಲ. ಕೋಣೆ ಕೋಣೆಯಲ್ಲಿ ಕುಳಿತ ಜನ ಕಾಣುತ್ತಿದ್ದರು. ಕಾಲು ಚಾಚಿದವರು, ಕೆಮ್ಮುವವರು, ತೊಡೆಯ ಮೇಲೆ ಮಗುವನ್ನಿಟ್ಟುಕೊಂಡು ತೂಗುವವರು.

"ಮತ್ತೆ ಕನಸಾ?" ಎಂದರು ಡೆನ್ಜಿಲ್ ಪಿಂಟೋ. ಅವರು ನಿಯಂತ್ರಣ ಕೊಠಡಿಯ ಮುಖ್ಯಸ್ಥರು, ಮಂಗಳೂರು ಕಡೆಯವರು. "ಇಲ್ಲಿ ನೋಡು, ನಿಮ್ಮ ಬೇನೆ ಮತ್ತೆ ಎದ್ದಿದೆ."

"ನಮ್ಮ ಬ್ಯಾನಿ ಯಾಕಾತ್ರಿ ಸರ್?"

"ನಿಮ್ಮ ನಾಲ್ಕು ಜಿಲ್ಲೆಯಲ್ಲೇ ಉಂಟಲ್ಲ ಮಾರಾಯ್ತಿ. ನಮ್ಮ ಕಡೆ ಹೆಸರಿಗೂ ಇಲ್ಲ."

ಅದಕ್ಕೆ ಇಪ್ಪತ್ತರ ಬೇನೆ ಎಂದು ಹೆಸರಿಟ್ಟಿದ್ದರು. ಇಪ್ಪತ್ತು ದಾಟಿದ ಹುಡುಗಿಯರು, ನಿನ್ನೆಯವರೆಗೆ ಕಲ್ಲಿನಂತೆ ಗಟ್ಟಿ ಇದ್ದವರು, ಒಂದು ದಿನ ಇದ್ದಕ್ಕಿದ್ದಂತೆ ಹಗೇವಿಗೆ ನಾಡಿ ಕಳಿಸುವುದನ್ನು ನಿಲ್ಲಿಸುತ್ತಿದ್ದರು. ವರ್ಷ ಕಾದು ಹಗೇವು ಬಾಗಿಲು ಹಾಕುತ್ತಿತ್ತು. ಸ್ಮಶಾನದ ಕಚೇರಿಯ ಲೆಕ್ಕದಲ್ಲಿ ಮಾತ್ರ ಆ ಹೆಸರುಗಳು ಸಿಗುತ್ತಿರಲಿಲ್ಲ. "ಆ ಕಚೇರಿಯವರು ಯಾವತ್ತು ಸರಿಯಾಗಿ ಬರೆದದ್ದುಂಟು?" ಎಂದು ಆರೋಗ್ಯ ಮಂಡಳಿ ಕೈ ಕೊಡವಿತ್ತು. ದೀಪಾವಳಿ ಕಳೆದ ಮೇಲೆ ಹದಿನೆಂಟು ತುಂಬಿದ ಎಲ್ಲ ಹುಡುಗಿಯರಿಗೂ ತಡೆಸೂಜಿ ಚುಚ್ಚಬೇಕೆಂದು ತೀರ್ಮಾನವೂ ಆಗಿತ್ತು.

"ಒಂದು ವಿಚಿತ್ರ ಕೇಳು," ಪಿಂಟೋ ಗೆರೆಯ ಏರಿಳಿತದ ಮೇಲೆ ಪೆನ್ನು ಆಡಿಸಿದರು. "ಈ ಬೇನೆ ವರ್ಷಕ್ಕೊಂದು ತಿಂಗಳು ರಜೆ ತಗೊಳ್ತದೆ. ಆ ತಿಂಗಳು ಒಬ್ಬಳೂ ಸಾಯುದಿಲ್ಲ. ಆದ್ರೆ ಆ ತಿಂಗಳು ನಿಂತಲ್ಲಿ ನಿಲ್ಲುದಿಲ್ಲ. ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರೀತದೆ. ಎರಡು ಮೂರು ವರ್ಷ ಹೀಗೆ ಸರಿದು, ಮತ್ತೆ ಒಮ್ಮೆಲೇ ಮುಂದೆ ಹಾರ್ತದೆ. ಮಳೆಗೂ ಹೊಂದುದಿಲ್ಲ, ಬಿಸಿಲಿಗೂ ಹೊಂದುದಿಲ್ಲ. ಇದೆಂತ ವೈರಸ್ಸು?"

ಶಾಲ್ಮಲಾ ನೋಡಿದಳು. ಏನೋ ಪರಿಚಿತವಾದದ್ದು ಕಂಡಂತಾಯಿತು, ಏನೆಂದು ಹೊಳೆಯಲಿಲ್ಲ. ಅವಳ ಮನಸ್ಸು ಅಂದು ಕೋಣೆಯಲ್ಲಿರಲಿಲ್ಲ, ಮನೆಯಲ್ಲಿತ್ತು.

ಮನೆಯಲ್ಲಿ ಅತ್ತೆ ಸರೋಜಾಬಾಯಿ ಕಂಬಕ್ಕೆ ಒರಗಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ನಾಲ್ಕು ಕಾಳಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ಮಗ ವಾದಿರಾಜ ಗಾಳಿಯಂತ್ರಗಳ ರಿಪೇರಿಯವನು. ಅವನು ಗುಡ್ಡದ ನೆತ್ತಿಯಲ್ಲಿ, ಸೊಸೆ ಗುಡ್ಡದ ಹೊಟ್ಟೆಯಲ್ಲಿ, ನಡುವೆ ತಾನೊಬ್ಬಳೇ ಎಂದು ಅವರು ಗೊಣಗುವುದಿತ್ತು.

"ಬಾ ನಮ್ಮವ್ವಾ. ನಾಡಿನ ಮಂದಿದೆಲ್ಲಾ ನಾಡಿ ನೋಡಿ ಬಂದಿ. ಮನ್ಯಾಗ ಒಬ್ಬಾಕಿ ಮುದುಕಿ ಇದ್ದಾಳ, ಅಕಿನ್ನೂ ಒಂದೀಟು ನೋಡು."

"ಡಾಕ್ಟರಪ್ಪ ಕೊಟ್ಟ ಪುಡಿ ತಗೊಂಡ್ರೇನ್ರಿ ಅತ್ತಿ?"

"ತಗೊಂಡೆ. ತಗೊಂಡ ಕೂಡಲೆ ಎದಿ ಕುದುರಿ ಓಡಿಧಂಗ ಓಡ್ತದ. ಅದಕ್ಕ ನನ್ನ ಮ್ಯಾಲೆ ಏನ ಸಿಟ್ಟೋ."

ಡಾಕ್ಟರಪ್ಪ ಇದನ್ನು ಉಬ್ಬಸ ಎನ್ನುತ್ತಿತ್ತು. ಉಬ್ಬಸದ ಪುಡಿ ಕೊಟ್ಟಷ್ಟೂ ಅವರು ಸೋಲುತ್ತಿದ್ದರು. ಕಾಲು ಬಾತಿದ್ದವು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಗೋಡೆಗೆ ದಿಂಬು ಕೊಟ್ಟು ಕುಳಿತೇ ನಿದ್ದೆ ಮಾಡುತ್ತಿದ್ದರು. ಹಿಂದಿನ ವಾರ ದೊಡ್ಡಾಸ್ಪತ್ರೆಯ ಡಾಕ್ಟರ್ ನದಾಫ್ ಎದೆಗೆ ಕಿವಿಗೊಟ್ಟು ಕೇಳಿ, ಶಾಲ್ಮಲಾಳನ್ನು ಪಕ್ಕಕ್ಕೆ ಕರೆದಿದ್ದರು.

"ನನ್ನ ಅನುಮಾನ ಉಬ್ಬಸದ ಮ್ಯಾಲೆ ಅಲ್ಲರಿ, ಎದಿ ಕವಾಟದ ಮ್ಯಾಲೆ. ಸಣ್ಣವರಿದ್ದಾಗ ಕೀಲುಜ್ವರ ಬಂದಿದ್ರ ಹಿಂಗಾಗ್ತದ. ಆದ್ರ ಹಗೇವು ಒಪ್ಪಂಗಿಲ್ಲ. ಅದು ಒಪ್ಪಲಾರದ ಔಷಧ ಕೊಡೋ ಅಧಿಕಾರ ನಮಗಿಲ್ಲ. ನಿಮ್ಮ ಅತ್ತೀಗೆ ಬಾಲ್ಯನ ಇಲ್ಲಲ್ಲ. ಇಪ್ಪತ್ತೆರಡನೇ ವಯಸ್ಸಿನಿಂದ ಅವರ ಸುದ್ದಿ ಸುರು ಆಗ್ತದ."

"ಹಳೇದು ಸಿಕ್ರ?"

"ಸಿಕ್ರ ಬದುಕ್ತಾರ. ಆದ್ರ ಲಗೂನ ಸಿಗಬೇಕು."

ಅದನ್ನೇ ನೆನೆಯುತ್ತ ಶಾಲ್ಮಲಾ ಅತ್ತೆಯ ಎದುರು ಕುಳಿತು ತಾನೂ ಕಾಳು ಸುಲಿಯತೊಡಗಿದಳು. ಅತ್ತೆ ಬಾಗಿಲ ಬಳಿ ಬಿದ್ದಿದ್ದ ಲಗ್ನಪತ್ರಿಕೆಯ ಕಡೆ ಗದ್ದ ಚಾಚಿದರು.

"ನಮ್ಮ ಭಾವನ ಮಮ್ಮಗಳ ಮದವಿ. ಅವಸರ ಮಾಡ್ಯಾರ. ಮಾಡದ ಏನ ಮಾಡ್ತಾರ? ಆಷಾಢ ಹೊಕ್ತಂದ್ರ ಯಾರ ಬಾಗಲಕ್ಕೂ ತೋರಣ ಇಲ್ಲ. ಈ ವರ್ಷ ಆಷಾಢ ಭಾಳ ಮುಂಚೆ ಬಂದದ. ಮುಂದಿನ ವರ್ಷ ಅಧಿಕಮಾಸ ಬಿದ್ದು ಮತ್ತ ದೂರ ಹೋಗ್ತದ."

ಶಾಲ್ಮಲಾಳ ಕೈಯ ಕಾಳು ಕೈಯಲ್ಲೇ ಉಳಿಯಿತು.

ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿದು, ಮತ್ತೆ ಒಮ್ಮೆಲೇ ಮುಂದೆ ಹಾರುವ ತಿಂಗಳು. ಆ ತಿಂಗಳಲ್ಲಿ ಯಾವ ಹುಡುಗಿಯೂ ಸಾಯುವುದಿಲ್ಲ. ಏಕೆಂದರೆ ಆ ತಿಂಗಳಲ್ಲಿ ಯಾವ ಹುಡುಗಿಗೂ ಮದುವೆಯಾಗುವುದಿಲ್ಲ.

ತಟ್ಟೆಯಲ್ಲಿ ಅಕ್ಕಿ ಹರವಿ, ಮದುಮಗ ಉಂಗುರದ ತುದಿಯಿಂದ ಮದುಮಗಳ ಹೊಸ ಹೆಸರು ಬರೆಯುವ ಶಾಸ್ತ್ರ ಈ ನಾಲ್ಕು ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಇನ್ನೂ ಉಳಿದಿತ್ತು. ಹುಡುಗಿ ತವರು ಬಿಡುವ ದಿನವೇ ಹೆಸರನ್ನೂ ಬಿಡುತ್ತಿದ್ದಳು. ಹೆಸರು, ಮನೆ, ಎರಡೂ ಒಂದೇ ಬಿಸಿಲಿನಲ್ಲಿ ಬದಲಾಗುತ್ತಿದ್ದವು. ಹಗೇವಿಗೆ ಹಿಡಿದು ಹುಡುಕಲು ಒಂದು ತುದಿಯೂ ಉಳಿಯುತ್ತಿರಲಿಲ್ಲ. ಇಲ್ಲೊಬ್ಬಳು ಸತ್ತಳು, ಅಲ್ಲೊಬ್ಬಳು ಇಪ್ಪತ್ತೆರಡು ತುಂಬಿಸಿಕೊಂಡೇ ಹುಟ್ಟಿದಳು ಎಂದು ಅದು ಬರೆದುಕೊಂಡಿತ್ತು.

"ಅತ್ತಿ," ಎಂದಳು ಮೆಲ್ಲಗೆ, "ಮದವೀಗಿಂತ ಮೊದಲ ನಿಮ್ಮ ಹೆಸರೇನಿತ್ತ್ರಿ?"

ಸರೋಜಾಬಾಯಿ ಮುಖ ತಿರುಗಿಸಿದರು. ಇದು ಈ ಮನೆಯಲ್ಲಿ ಹಳೆಯ ಗಾಯ. ಶಾಲ್ಮಲಾ ತನ್ನ ಮದುವೆಯಲ್ಲಿ ಹೆಸರು ಬದಲಾಯಿಸಲು ಒಪ್ಪಿರಲಿಲ್ಲ. ವಾದಿರಾಜ ಅಕ್ಕಿಯ ಮೇಲೆ ಅವಳದೇ ಹೆಸರನ್ನು ಮತ್ತೊಮ್ಮೆ ಬರೆದಿದ್ದ. ಅತ್ತೆ ಅಂದಿನ ಊಟ ಮಾಡಿರಲಿಲ್ಲ.

"ಯಾಕ? ನಿಂದು ಉಳೀತು, ನಂದು ಹೋತು ಅಂತ ಹಂಗಿಸಬೇಕೇನು?"

"ಇಲ್ರಿ. ನಿಮ್ಮ ಔಷಧ ಆ ಹೆಸರಿನ ಕೋಣ್ಯಾಗ ಅದ."

ಅತ್ತೆ ಮಡಿಲಿನ ಸಿಪ್ಪೆಗಳನ್ನು ಕೊಡವಿದರು. ಆಮೇಲೆ, ಯಾರದೋ ಮನೆಯ ಮಗಳ ಹೆಸರು ಹೇಳುವಂತೆ, "ತುಂಗಾ," ಎಂದರು. "ರೋಣದ ಮನಿ. ಒಂದು ಬ್ಯಾಸಗಿ ಪೂರಾ ಹಾಸಿಗ್ಯಾಗ ಬಿದ್ದಿದ್ದೆ ಅಂತ ನೆನಪದ. ಅಜ್ಜಿ ಬಾಜೂಕ ಕೂತು ಕಥಿ ಹೇಳತಿದ್ಲು. ಏನ ಬ್ಯಾನಿ ಅಂತ ನನಗ್ಯಾರೂ ಹೇಳಲಿಲ್ಲ. ಆ ಹುಡುಗಿ ಹೋಗಿ ನಲವತ್ತು ವರ್ಷ ಆತು."

"ಹೋಗಿಲ್ರಿ. ಬಾಗಲಾ ಹಾಕ್ಯಾರ, ಅಷ್ಟ. ಅಕಿನ್ನ ನಾ ಕರಕೊಂಡು ಬರ್ತೀನಿ."

"ಮಾತ ಕೊಟ್ಟಿ ನೋಡು."

"ಕೊಟ್ಟೀನ್ರಿ."

ಮರುದಿನ ಶಾಲ್ಮಲಾ ಇಪ್ಪತ್ತರ ಬೇನೆಯ ಗೆರೆಯ ಕೆಳಗೆ ಪಂಚಾಂಗದ ತಿಂಗಳುಗಳನ್ನು ಹಾಸಿದಳು. ರಜೆಯ ತಿಂಗಳೆಲ್ಲ ಆಷಾಢದ ಮೇಲೆ ಹೋಗಿ ಕುಳಿತವು. ಪಿಂಟೋ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಹಾಗಾದ್ರೆ ನಾವು ಮದುವೆ ಹುಡುಗಿಯರ ಹಿಂದೆ ಸೂಜಿ ಹಿಡ್ಕೊಂಡು ಓಡ್ಲಿಕ್ಕೆ ಹೊರಟದ್ದಾ?"

"ಹೌದ್ರಿ ಸರ್."

"ದೇವರೇ. ಅವರು ಅಲ್ಲಿ ಹೋಳಿಗೆ ತಿಂತಾ ಇದ್ರು, ನಾನಿಲ್ಲಿ ಮೊಂಬತ್ತಿ ಹಚ್ಚಿ ಪ್ರಾರ್ಥನೆ ಮಾಡ್ತಾ ಇದ್ದೆ!" ನಕ್ಕರು, ಆಮೇಲೆ ನಗು ನಿಲ್ಲಿಸಿ ಗಂಭೀರರಾದರು. "ಸೂಜಿಯನ್ನು ನಾನು ಇವತ್ತೇ ನಿಲ್ಲಿಸ್ತೇನೆ. ನಿನ್ನ ಅತ್ತೆಯದ್ದು ಅರ್ಜೆಂಟು. ಒಂದು ಕೆಲಸ ಮಾಡು. ಅವರ ಈಗಿನ ಹೆಸರು ಅಳಿಸಿ ಹಳೇದು ಬರೆ. ಒಬ್ಬರದ್ದು ಮಾತ್ರ. ನಾನು ಸಹಿ ಹಾಕ್ತೇನೆ."

ಎಷ್ಟು ಸುಲಭ! ಶಾಲ್ಮಲಾ ಮೊದಲು ನಕಲಿನ ಮೇಲೆ ಮಾಡಿ ನೋಡಿದಳು. ತುಂಗಾ ಎಂದು ಬರೆದದ್ದೇ ತಡ, ರೋಣದ ಹುಡುಗಿಯ ಬಾಗಿಲು ತೆರೆಯಿತು. ಜೊತೆಗೇ ಸರೋಜಾಬಾಯಿಯ ಕೋಣೆಯಿಂದ ಎಲ್ಲವೂ ಕಸದಂತೆ ಹೊರಬಿತ್ತು. ವಾದಿರಾಜನ ಹೆರಿಗೆ, ಪಿತ್ತಕೋಶದ ಶಸ್ತ್ರಚಿಕಿತ್ಸೆ, ನಿನ್ನೆಯ ನಾಡಿ. ಒಂದು ಕೋಣೆಗೆ ಒಂದೇ ಹೆಸರಲ್ಲವೇ. ಹುಡುಗಿ ಇರಬೇಕು, ಇಲ್ಲವೇ ಮುದುಕಿ ಇರಬೇಕು.

ಮನೆಗೆ ಬಂದು ಹೇಳಿದಾಗ ಸರೋಜಾಬಾಯಿ ಉಸಿರು ಸುಧಾರಿಸಿಕೊಂಡು ಕೇಳಿದರು: "ಅಂದ್ರ ತುಂಗಾ ಎದ್ದು ಬರಬೇಕಂದ್ರ ಸರೋಜಾ ಸಾಯಬೇಕೇನು?"

ಶಾಲ್ಮಲಾ ಹೌದೆಂದು ತಲೆಯಾಡಿಸಿದಳು.

"ಬ್ಯಾಡ. ಅಕ್ಕಿ ಮ್ಯಾಲೆ ಆ ಹೆಸರು ನೋಡಿದಾಗ ನನಗ ಅಳು ಬಂದಿತ್ತು, ಖರೆ. ಆದ್ರ ವಾದಿನ್ನ ಹಡದಾಕಿ ಸರೋಜಾ. ನಿಮ್ಮ ಮಾವನವರು ಕಡೀಗೆ ಕಣ್ಣ ಮುಚ್ಚುವಾಗ ಕರದದ್ದು ಸರೋಜಾ ಅಂತ. ಒಬ್ಬಾಕಿ ಮನಿಗೆ ಬಂದ್ಲಂತ ಇನ್ನೊಬ್ಬಾಕಿನ್ನ ಹೊರಗ ಹಾಕಬ್ಯಾಡ."

ಹೆಸರು ಬಿಡಲಾರೆ ಎಂದು ಹಟ ಹಿಡಿದವಳು ತಾನು. ಪಡೆದ ಹೆಸರನ್ನೂ ಬಿಡಲಾರೆ ಎನ್ನುವ ಹಟ ಇನ್ನೊಬ್ಬಳಿಗೆ ಇರಬಹುದೆಂದು ಶಾಲ್ಮಲಾ ಎಂದೂ ಯೋಚಿಸಿರಲಿಲ್ಲ.

ಹಾಗಾದರೆ ತಪ್ಪಿರುವುದು ಹೆಸರಿನಲ್ಲಲ್ಲ, ಗೋಡೆಯಲ್ಲಿ. ಹಗೇವು ಹೆಸರನ್ನೇ ಗೋಡೆ ಮಾಡಿಕೊಂಡಿತ್ತು. ಹೆಸರು ಗೋಡೆಯಾಗಬಾರದು, ಕಟ್ಟಿದ ದಾರವಾಗಬೇಕು. ಕೋಣೆಗೆ ಹೆಸರೇ ಬೇಡ. ಹಗೇವಿಗೆ ಮಾತ್ರ ತಿಳಿಯುವ, ಹೊರಗೆ ಯಾವ ಅರ್ಥವೂ ಇಲ್ಲದ ಒಂದು ಗುರುತು ಸಾಕು. ಹೆಸರು, ಮನೆ, ಊರು ಎಲ್ಲ ಹೊರಗಿನಿಂದ ಕಟ್ಟಿದ ದಾರಗಳು, ಒಂದೊಂದಕ್ಕೂ ಎಂದಿನಿಂದ ಎಂದಿನವರೆಗೆ ಎಂಬ ಎರಡು ಗಂಟು. ಹಳೆಯ ದಾರ ಕಡಿಯುವಂತಿಲ್ಲ, ಹೊಸದನ್ನು ಪಕ್ಕದಲ್ಲಿ ಕಟ್ಟುವುದು. ದತ್ತು ಹೋದ ಮಗು ಬರಲಿ, ಎರಡು ಮನೆಯಲ್ಲಿ ಬೆಳೆಯುವ ಕೂಸು ಬರಲಿ, ಇಂದು ಯಾರೂ ಊಹಿಸದ ಇನ್ನೊಂದು ಬಗೆಯ ಬದುಕು ಬರಲಿ, ಇನ್ನೊಂದು ದಾರ ಕಟ್ಟಿದರಾಯಿತು. ತನಗೆ ಗೊತ್ತಿಲ್ಲದ್ದು ಬಂದೇ ಬರುತ್ತದೆ ಎಂದು ತಿಳಿದಿರುವ ಕಣಜ.

"ಓಡುವ ಬಂಡಿಯ ಗಾಲಿ ಬಿಚ್ಚುದಾ?" ಪಿಂಟೋ ಹೌಹಾರಿದರು. "ಮನೆಮನೆಯ ಡಾಕ್ಟರಪ್ಪ ಒಂದು ಗಳಿಗೆ ಕುರುಡಾದ್ರೆ ಹೋಗುವ ಜೀವಕ್ಕೆ ಯಾರು ಜವಾಬ್ದಾರಿ?"

"ಬಿಚ್ಚೂದು ಬ್ಯಾಡ್ರಿ. ಹಳೇ ಹಗೇವು ಹಂಗ ಇರ್ಲಿ. ಬಾಜೂಕ ಹೊಸದು ಕಟ್ಟೋಣು. ಬರೋ ಸುದ್ದಿ ಎರಡರಾಗೂ ಬೀಳಲಿ. ಎರಡೂ ಒಂದ ಉತ್ತರ ಕೊಡೋತನಕಾ ಮಂದಿ ಹಳೇದನ್ನ ಕೇಳಲಿ."

"ಸರಿ. ನಾಳೆ ಯಾರೋ ಒಬ್ಬಳು ಬಂದು, ಆ ಮುಚ್ಚಿದ ಕೋಣೆಯವಳು ನಾನೇ ಅಂತ ಸುಳ್ಳು ಹೇಳಿದ್ರೆ?"

"ಹಳೇ ಕೋಣಿಯ ಕಡೀ ದಿನ, ಹೊಸ ಕೋಣಿಯ ಮೊದಲನೇ ದಿನ, ಎರಡೂ ಕೂಡಬೇಕು. ಎರಡರಾಗೂ ರಕ್ತದ ಗುಂಪು ಒಂದ ಇರಬೇಕು. ಅದು ಬೀಗದ ಕೈ ಅಲ್ಲರಿ, ಅವರ ಕೇಳಿದಾಗ ಒಮ್ಮೆ ತಾಳೆ ನೋಡೂದು. ಎಲ್ಲಾ ಆದಮ್ಯಾಲೆ ಹಗೇವು ಹಳೇ ಹೆಸರು ಹಿಡದು ಕರೀಬೇಕು, ಅವರು ಓ ಅನ್ನಬೇಕು. ತಾನಾಗೆ ಜೋಡಸೂ ಹಂಗಿಲ್ಲ. ತವರಿನ ಬಾಗಲಾ ಮತ್ತ ತೆಗಿಯೂದ ಬ್ಯಾಡ ಅನ್ನೋ ಹೆಣ್ಣಮಕ್ಕಳೂ ಇರ್ತಾರ."

ಪಿಂಟೋ ಅವಳು ಎಳೆದ ಗೆರೆಗಳನ್ನು ತಮ್ಮ ಕಡೆ ತಿರುಗಿಸಿಕೊಂಡು ಮೊದಲಿನಿಂದ ಓದಿದರು. "ಕಟ್ಟು," ಎಂದರು.

ಆಷಾಢವಿಡೀ ಕಟ್ಟಿದರು. ಗಾಳಿ ಗುಡ್ಡವನ್ನು ಹಾರಿಸಿಕೊಂಡು ಹೋಗುವಂತೆ ಬೀಸುತ್ತಿತ್ತು. ಮನೆಯಲ್ಲಿ ಸರೋಜಾಬಾಯಿ ತುಳಸಿಕಟ್ಟೆಯವರೆಗೆ ಹೋಗುವುದನ್ನು ಬಿಟ್ಟರು, ಆಮೇಲೆ ಅಡಿಗೆಮನೆಯವರೆಗೆ ಬರುವುದನ್ನೂ ಬಿಟ್ಟರು. ವಾದಿರಾಜ ಡಾಕ್ಟರಪ್ಪನನ್ನೇ ಕಿತ್ತು ತಾಯಿಯ ಮಂಚದ ಪಕ್ಕಕ್ಕೆ ತಂದಿಟ್ಟ. "ಎಲ್ಲಿಗೆ ಬಂತ ನಿನ್ನ ಹುಡುಗಿ?" ಎಂದು ಅತ್ತೆ ದಿನವೂ ಕೇಳುತ್ತಿದ್ದರು. "ರೋಣ ದಾಟ್ಯಾಳ್ರಿ," ಎನ್ನುತ್ತಿದ್ದಳು ಸೊಸೆ. "ಬಸ್ಸು ತಪ್ಪಿಸಿಕೊಂಡಿರಬೇಕು, ನಡಕೋತ ಬರಲಿಕ್ಕೆ ಹತ್ಯಾಳ," ಎನ್ನುತ್ತಿದ್ದರು ಅತ್ತೆ. ನಗಲು ಹೋಗಿ ಕೆಮ್ಮುತ್ತಿದ್ದರು.

ಶ್ರಾವಣದ ಮೊದಲ ವಾರ ಎರಡೂ ಹಗೇವುಗಳು ಒಂದೇ ಉತ್ತರ ಕೊಡತೊಡಗಿದವು. ಶಾಲ್ಮಲಾ ಮೊದಲ ಜೋಡಣೆಗೆ ಕುಳಿತಳು. ತುಂಗಾ, ರೋಣದ ಮನೆ. ಸರೋಜಾ, ಗದಗದ ಮನೆ.

ಹೊಸ ಹಗೇವು ಒಪ್ಪಲಿಲ್ಲ. ಕಡೆಯ ದಿನ ಮೊದಲ ದಿನದ ಜೊತೆ ಕೂಡುತ್ತಿಲ್ಲ ಎಂದಿತು. ಸರೋಜಾಬಾಯಿ ಗದಗದಲ್ಲಿ ಬಾಳುವೆ ಮಾಡುತ್ತಿದ್ದ ಮೊದಲ ಮೂರು ವರ್ಷ, ತುಂಗಾ ರೋಣದಲ್ಲೂ ಬದುಕಿದ್ದಳು. ಅಷ್ಟೇ ಅಲ್ಲ, ಆ ಮೂರು ವರ್ಷದ ತುಂಗಾಳ ರಕ್ತದ ಗುಂಪೇ ಬೇರೆ.

"ಬೇರೆ ಹುಡುಗಿ ಮಾರಾಯ್ತಿ," ಎಂದರು ಪಿಂಟೋ, ದನಿ ತಗ್ಗಿಸಿ. "ನೀನು ಕಟ್ಟಿದ ನಿಯಮವೇ ಬೇಡ ಹೇಳ್ತಾ ಉಂಟು."

ಶಾಲ್ಮಲಾ ತುಂಗಾಳ ಕೋಣೆಯ ನಾಡಿಯನ್ನೆಲ್ಲ ಬಿಡಿಸಿ ನೋಡಿದಳು. ಮದುವೆಯ ದಿನದವರೆಗೆ ಹರೆಯದ ಹುಡುಗಿಯ ನಾಡಿ. ಅಲ್ಲಿಂದ ಮುಂದೆ ನಿಧಾನದ, ನಡುನಡುವೆ ತಪ್ಪುವ ನಾಡಿ. ಬಹಳ ವಯಸ್ಸಾದವರದು. ಪ್ರತಿದಿನ ಸಂಜೆ, ದೀಪ ಹಚ್ಚುವ ಹೊತ್ತಿಗೆ, ತಪ್ಪದೆ. ಅವಳು ಮನೆಗೆ ಓಡಿಬಂದು ಅತ್ತೆಯ ಪಕ್ಕ ಕುಳಿತು ಹೇಳಿದಳು.

ಸರೋಜಾಬಾಯಿ ಕಣ್ಣು ಮುಚ್ಚಿದರು. ಮತ್ತೆ ತೆರೆದಾಗ ಕಣ್ಣು ತುಂಬಿದ್ದವು.

"ಅದು ನಮ್ಮ ಅಜ್ಜಿ. ಭಾಗೀರಥಜ್ಜಿ. ವರ್ಷ ಸುದ್ದಿ ಬರಲಿಲ್ಲಂದ್ರ ಹಗೇವು ಸತ್ತಾಳಂತ ಬರೀತದ ಅಂತ ಅಕಿಗೆ ಯಾರೋ ಹೇಳಿರಬೇಕು. ನನ್ನ ಹೆಸರು ಹೇಳಿ, ತನ್ನ ಕೈ ಇಟ್ಟಾಳ. ನಾ ಸಾಯಬಾರದಂತ." ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು, "ನನ್ನ ಮದವಿ ಆಗಿ ಮೂರು ವರ್ಷಕ್ಕ ತೀರಕೊಂಡ್ಲು."

ಹಳೆಯ ಹಗೇವಾಗಿದ್ದರೆ ಈ ಮೂರು ವರ್ಷವನ್ನು ಇಡಲು ಎಲ್ಲಿಯೂ ಜಾಗವಿರಲಿಲ್ಲ. ಒಬ್ಬರ ಕೋಣೆಯಲ್ಲಿ ಇನ್ನೊಬ್ಬರ ಜೀವ ಬಂದು ಕೂರಬಹುದೆಂದು ಅದನ್ನು ಕಟ್ಟಿದವರು ಎಣಿಸಿರಲಿಲ್ಲ. ಶಾಲ್ಮಲಾಳೂ ಎಣಿಸಿರಲಿಲ್ಲ. ಆದರೆ ಈ ಸಲ ಒಡೆಯಲು ಗೋಡೆ ಇರಲಿಲ್ಲ. ಗುಡ್ಡಕ್ಕೆ ಮರಳಿ ಆ ಸಂಜೆಗಳನ್ನೆಲ್ಲ ಒಂದೊಂದಾಗಿ ಎತ್ತಿ ಅಜ್ಜಿಯ ಕೋಣೆಗೆ ಸಾಗಿಸಿದಳು. ಅಲ್ಲಿ ಅಜ್ಜಿಯದೇ ನಾಡಿ ಇತ್ತು, ರಕ್ತವೂ ಒಂದೇ. ಅವಕ್ಕೆ ಹೊಸ ಬಗೆಯ ಒಂದು ದಾರ ಕಟ್ಟಿದಳು: ಇವು ಇನ್ನೊಬ್ಬಳಿಗಾಗಿ ಕೈ ಇಟ್ಟ ದಿನಗಳು. ಪಿಂಟೋ ಪಕ್ಕದಲ್ಲಿ ನಿಂತು ನೋಡಿದರು, ಸಹಿ ಹಾಕಿದರು.

ತುಂಗಾಳ ಕಡೆಯ ದಿನ ಈಗ ಮದುವೆಯ ದಿನವಾಗಿ ನಿಂತಿತು. ಎರಡು ತುದಿ ಕೂಡಿದವು.

ಮನೆಯಲ್ಲಿ ವಾದಿರಾಜ ತಾಯಿಯನ್ನು ಎತ್ತಿ ದಿಂಬಿಗೆ ಒರಗಿಸಿ ಕೂರಿಸಿದ್ದ. ಶಾಲ್ಮಲಾ ಮಂಚದ ಅಂಚಿನಲ್ಲಿ ಕುಳಿತಳು. ಸರೋಜಾಬಾಯಿ ಅಂಗೈ ಇಟ್ಟರು. ಡಾಕ್ಟರಪ್ಪ ಎಂದಿನಂತೆ ಹೆಸರು ಕೇಳಲಿಲ್ಲ. ತಾನೇ ಕರೆಯಿತು:

"ತುಂಗಾ?"

ಆ ಮನೆಯಲ್ಲಿ ಅದುವರೆಗೆ ಯಾರೂ ಕೇಳಿರದ ಒಂದು ಸಣ್ಣ ದನಿಯಲ್ಲಿ ಸರೋಜಾಬಾಯಿ, "ಓ," ಎಂದರು.

ಬಾಗಿಲು ತೆರೆಯಿತು. ಆರನೆಯ ವರ್ಷ, ಬೇಸಗೆ, ಕೀಲುಜ್ವರ, ಎದೆಯ ಕವಾಟಕ್ಕೆ ಪೆಟ್ಟು. ಡಾಕ್ಟರಪ್ಪ ಉಬ್ಬಸದ ಪುಡಿಯನ್ನು ನಿಲ್ಲಿಸಿತು. ಸರೋಜಾಳ ನಲವತ್ತು ವರ್ಷವನ್ನೂ ಕೂಡಿಸಿ ನೋಡಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಯಾವ ಔಷಧ ಮೈಗೆ ಒಗ್ಗಿರಲಿಲ್ಲವೋ ಅದನ್ನು ಬಿಟ್ಟು, ಹೊಸ ಪುಡಿ ಬೆರೆಸತೊಡಗಿತು. ಆಸ್ಪತ್ರೆಯಿಂದ ಡಾಕ್ಟರ್ ನದಾಫ್ ಕರೆ ಮಾಡಿದರು. "ಹಗೇವು ಒಪ್ಪೇದ್ರಿ! ಎರಡು ವಾರ ಈ ಪುಡಿ, ಆಮ್ಯಾಲೆ ಕವಾಟ ಸರಿ ಮಾಡೋಣು. ಈಗ ಹಗೇವಿನಾಗ ಎರಡು ಹೆಸರು ಕಾಣ್ತಾವ. ನನ್ನ ಚೀಟಿ ಮ್ಯಾಲೆ ಯಾವುದು ಬರೀಲಿ, ಸರೋಜಾನೋ, ತುಂಗಾನೋ?"

ಸರೋಜಾಬಾಯಿ ಸೊಸೆಯ ಕಡೆ ನೋಡಿದರು.

"ಎರಡೂ ಬರೀರಿ ಡಾಕ್ಟರ್," ಎಂದರು. "ಪುಡಿ ಮಾತ್ರ ಒಂದ ಸಾಕು. ನಾವಿಬ್ಬರೂ ಹಂಚಿಕೋತೇವಿ."